ಮಕ್ಕಳ ಮೊಬೈಲ್ ತ್ಯಾಗ: ವ್ರತವೋ, ನಿರ್ಬಂಧವೋ?

ಉಪವಾಸವೆಂದರೆ ಆಹಾರವನ್ನು ಬಿಡುವುದು ಎಂಬ ಅರ್ಥ ರೂಢಿಯಲ್ಲಿ ನಿಂತಿದ್ದರೂ, ಸಮೀಪದಲ್ಲಿ ವಾಸಿಸುವುದು ಎಂಬುದೇ ಆ ಶಬ್ದದ ಮೂಲಾರ್ಥ. ಐದು ಇಂದ್ರಿಯಗಳೂ ಶಬ್ದಾದಿ ವಿಷಯಗಳ ಕಡೆಗಿನ ತವಕವನ್ನು ತೊರೆದು, ಹಿಂದಿರುಗಿ ಬಂದು ಆತ್ಮನಲ್ಲಿ ನೆಲೆಸುವುದೇ ಉಪವಾಸವೆಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಬಿಡಿಸಿ ಹೇಳಿದ್ದಾರೆ. ಹೀಗಿರುವಾಗ ಹೊಟ್ಟೆ ಬರಿದಾಗಿದ್ದು ಕಣ್ಣು ಕಿವಿಗಳು ಹಗಲಿರುಳು ಉಣ್ಣುತ್ತಲೇ ಇದ್ದರೆ ಆ ಉಪವಾಸ ಅರ್ಧಮಾತ್ರವೆಂಬುದು ಸ್ಪಷ್ಟ. ಅಷ್ಟಮಿ ಚತುರ್ದಶಿಗಳಲ್ಲಿ ಅನ್ನವನ್ನು ಬಿಟ್ಟವರ ಕೈಯಲ್ಲಿಯೂ ಮೊಬೈಲ್ ಇರುವ ಕಾಲ ಇದು. ಆದುದರಿಂದಲೇ ಪರ್ವದಿನಗಳಲ್ಲಿ ಮೊಬೈಲನ್ನು ಬಿಡುವ ಪದ್ಧತಿ ಜೈನ ಸಮಾಜದಲ್ಲಿ ಅಲ್ಲಲ್ಲಿ ತಲೆಯೆತ್ತಿದೆ. ಮಧ್ಯಪ್ರದೇಶದ ರಾಯಸೇನ್ ಜಿಲ್ಲೆಯ ಬೇಗಂಗಂಜಿನಲ್ಲಿ 2022ರ ಪರ್ಯುಷಣದ ಸಂದರ್ಭದಲ್ಲಿ ಶ್ರಾವಕರು 24 ಗಂಟೆಗಳ ಕಾಲ ಮೊಬೈಲನ್ನು ತೊರೆದುದು ದೇಶದಲ್ಲೆಲ್ಲ ಸುದ್ದಿಯಾಯಿತು.

ಹಿರಿಯರು ತಾವಾಗಿ ಬಿಡುವುದು ಒಂದು ಸಂಗತಿ. ಮಕ್ಕಳಿಂದ ಬಿಡಿಸುವುದು ಇನ್ನೊಂದು. ಮಗುವಿನ ಕೈಯಿಂದ ಮೊಬೈಲನ್ನು ತೆಗೆದಿಟ್ಟು, ಮಗು ಒಂದು ವಾರ ಅದಿಲ್ಲದೆ ಇದ್ದರೆ, ಆ ವಾರವನ್ನು ವ್ರತವೆನ್ನಬಹುದೇ? ಅದು ಕೇವಲ ನಿರ್ಬಂಧವಾದರೆ ಅದರಿಂದ ಪ್ರಯೋಜನವೇನು? ಪ್ರತಿಯೊಂದು ಶ್ರಾವಕ ಕುಟುಂಬದ ಮುಂದೆಯೂ ಇಂದು ಬಂದು ನಿಂತಿರುವ ಪ್ರಶ್ನೆಯಿದು.

ವಿಚಾರಕ್ಕೆ ಆಧಾರವಾಗಿ ವಿಜಯನಗರ ಜಿಲ್ಲೆಯ ಪಶ್ಚಿಮ ಮತ್ತು ದಕ್ಷಿಣದ ತಾಲ್ಲೂಕುಗಳನ್ನು ನೆನೆಯಬಹುದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಈ ಐದೂ ತಾಲ್ಲೂಕುಗಳು 2021ರಲ್ಲಿ ಹೊಸ ಜಿಲ್ಲೆಗೆ ಸೇರಿದವು. ಜೈನಧರ್ಮಕ್ಕೆ ಇದು ಅಪರಿಚಿತ ನೆಲವಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿಯ ಬಸದಿಯನ್ನು ಗಂಗ ದೊರೆ ದುರ್ವಿನೀತನು ಕಟ್ಟಿಸಿದನೆಂದು 1055ರ ಶಾಸನವೊಂದು ಹೇಳುತ್ತದೆ. ಇಂದು ಈ ಭಾಗದ ಪೇಟೆಗಳಲ್ಲಿ ಜೈನರ ಮನೆಗಳು ಎಣಿಕೆಯಷ್ಟೇ. ಓದಿದ ಮಕ್ಕಳು ಬೆಂಗಳೂರು ಹುಬ್ಬಳ್ಳಿಗಳನ್ನು ಸೇರಿದ್ದಾರೆ. ಮೊಮ್ಮಕ್ಕಳು ಏಪ್ರಿಲ್ ಮೇ ತಿಂಗಳ ರಜೆಯಲ್ಲಿ ಮಾತ್ರ ಊರಿಗೆ ಬರುತ್ತಾರೆ. ಬಂದವರ ಮೈ ಊರಿನಲ್ಲಿ, ಮನಸ್ಸು ಮೊಬೈಲಿನಲ್ಲಿ.

ಇಂತಹ ಮನೆಗಳಲ್ಲಿ ನಡೆಯುವುದನ್ನು ಒಂದು ಚಿತ್ರವಾಗಿ ಮುಂದಿಟ್ಟುಕೊಳ್ಳೋಣ. ಹರಪನಹಳ್ಳಿಯ ವ್ಯಾಪಾರಸ್ಥ ಅಜ್ಜ. ಬೆಂಗಳೂರಿನಿಂದ ಬಂದ ಮಗ ಸೊಸೆ. ಹನ್ನೊಂದರ ಮೊಮ್ಮಗ, ಎಂಟು ತುಂಬಿದ ಮೊಮ್ಮಗಳು. ಕೂಡ್ಲಿಗಿಯ ಕಡೆ ಗುಡ್ಡದ ಮಗ್ಗುಲಲ್ಲಿ ಅಜ್ಜನದೊಂದು ತೋಟದ ಮನೆ. ಎರಡು ಕೋಣೆ, ಒಂದು ಪಡಸಾಲೆ, ಅಂಗಳದಲ್ಲಿ ಬೇವಿನ ಮರ, ಬದುವಿನ ಮೇಲೆ ಹುಣಸೆಯ ಸಾಲು, ಒಂದು ಬಾವಿ. ಮೊಬೈಲಿನ ಸಿಗ್ನಲ್ ಅಲ್ಲಿಗೆ ಬರುವುದಿಲ್ಲ. ಮಕ್ಕಳು ಅಲ್ಲಿ ಎಂಟು ದಿನ ಇರಲಿ, ಮೊಬೈಲುಗಳು ಪೇಟೆಯ ಮನೆಯ ಕಪಾಟಿನಲ್ಲಿರಲಿ ಎಂದು ಹಿರಿಯರು ನಿಶ್ಚಯಿಸಿದರು. ಮಕ್ಕಳನ್ನು ಯಾರೂ ಕೇಳಲಿಲ್ಲ.

ಮೊದಲ ದಿನ ಮೊಮ್ಮಗಳು ಅತ್ತಳು. ಎರಡನೆಯ ದಿನ ಮೊಮ್ಮಗ ಮನೆಯ ಹಿಂದಿನ ಬಂಡೆಯ ಮೇಲೇರಿ ಕುಳಿತಿರುವುದು ಕಂಡಿತು. ಚೀಲದ ತಳದಲ್ಲಿ ಅಡಗಿಸಿ ತಂದಿದ್ದ ತಾಯಿಯ ಹಳೆಯ ಮೊಬೈಲಿಗೆ ಅಲ್ಲಿ ಸಿಗ್ನಲ್ ಸಿಗುತ್ತಿತ್ತು. ಬೈಗುಳವಾಯಿತು, ಮೊಬೈಲನ್ನು ಕಸಿದುಕೊಂಡದ್ದಾಯಿತು. ಮೂರನೆಯ ದಿನ ಅದೇ ಬಂಡೆಯನ್ನು ತಂದೆಯೇ ಏರಿದ. ಕಚೇರಿಯ ಕೆಲಸವೆಂದು ಹೇಳಿದ. ಅಜ್ಜನೂ ಶೇಂಗಾ ದರವನ್ನು ವಿಚಾರಿಸಲು ಸಂಜೆ ಅಲ್ಲಿಗೇ ನಡೆದ. ಊಟಕ್ಕೆ ಕುಳಿತಾಗ ಹುಡುಗ ಒಂದೇ ಮಾತು ಕೇಳಿದ: “ಅಜ್ಜಾ, ಇದು ಬರೇ ನಮಗಷ್ಟೇ ಏನು?”

ಅಜ್ಜನ ಬಳಿ ಉತ್ತರವಿರಲಿಲ್ಲ. ಆ ಎಂಟು ದಿನಗಳಲ್ಲಿ ನಡೆದ ನಿಜವಾದ ಹಾನಿ ಮೊಬೈಲನ್ನು ನೋಡಿದುದಲ್ಲ. ಹುಡುಗನಲ್ಲಿ ಕ್ರೋಧ ಹುಟ್ಟಿತು, ಅಡಗಿಸುವ ಬುದ್ಧಿ ಹುಟ್ಟಿತು. ಮೋಹವನ್ನು ತಗ್ಗಿಸಲೆಂದು ಹೊರಟ ಏರ್ಪಾಡು ಮಾಯಾಕಷಾಯವನ್ನು ಬೆಳೆಸಿತು. ಯಾವುದೇ ನಿಯಮದ ಅಳತೆಗೋಲು ಎಷ್ಟು ದಿನ ಬಿಟ್ಟರೆಂಬುದಲ್ಲ, ಕಷಾಯ ಎಷ್ಟು ಇಳಿಯಿತೆಂಬುದು. ಆ ಗೋಲಿನಿಂದ ಅಳೆದರೆ ಆ ವಾರ ಸೋತಿತು.

ಏಕೆ ಸೋತಿತೆಂಬುದಕ್ಕೆ ಶಾಸ್ತ್ರದಲ್ಲಿ ಎರಡು ಕಾರಣಗಳು ದೊರೆಯುತ್ತವೆ. ಮೊದಲನೆಯದು ವ್ರತದ ಲಕ್ಷಣಕ್ಕೆ ಸಂಬಂಧಿಸಿದುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ, ಅನುಭವಿಸಲು ಯೋಗ್ಯವಾದ ವಿಷಯದಿಂದ ಸಂಕಲ್ಪಪೂರ್ವಕವಾಗಿ ಹಿಂದೆ ಸರಿಯುವುದೇ ವ್ರತವೆಂದು ನಿರೂಪಿಸಿದ್ದಾರೆ. ಇದರಲ್ಲಿ ಎರಡು ಷರತ್ತುಗಳಿವೆ. ವಿಷಯವು ಯೋಗ್ಯವಾದುದಾಗಿರಬೇಕು, ಬಿಡುವವನಲ್ಲಿ ಅಭಿಸಂಧಿ, ಅಂದರೆ ತಿಳಿದು ಮಾಡಿದ ಸಂಕಲ್ಪ, ಇರಬೇಕು. ಅನ್ನ ಸಿಗದ ದಿನ ಹಸಿದವನು ಉಪವಾಸಿಯಲ್ಲ. ಸಿಗ್ನಲ್ ಸಿಗದ ಗುಡ್ಡದಲ್ಲಿ ಸುಮ್ಮನಿದ್ದವನು ತ್ಯಾಗಿಯಲ್ಲ.

ಈ ಮಾತಿಗೆ ಇನ್ನೊಂದು ಮುಖವೂ ಉಂಟು. ತೋಟದಲ್ಲಿ ದುಡಿಯುವ ಆಳಿನ ಮಗ ಅದೇ ಅಂಗಳದಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದ. ಅವನಿಗೆ ಸ್ವಂತ ಮೊಬೈಲೇ ಇಲ್ಲ. 2020ರಲ್ಲಿ ಶಾಲೆಗಳು ಮುಚ್ಚಿ ಪಾಠವೆಲ್ಲ ಮೊಬೈಲಿನ ಮೂಲಕ ಬಂದಾಗ, ಮೊಬೈಲಿಲ್ಲದ ಮನೆಯ ಮಕ್ಕಳು ಪಾಠದಿಂದಲೇ ವಂಚಿತರಾದರು. ಅಂಥವರಿಗಾಗಿ ಶಿಕ್ಷಕರು ಊರೂರಿಗೆ ಹೋಗಿ ಮರದ ಕೆಳಗೆ, ಗುಡಿಯ ಕಟ್ಟೆಯ ಮೇಲೆ ಕಲಿಸುವ ವಿದ್ಯಾಗಮ ಕಾರ್ಯಕ್ರಮವನ್ನು ಸರ್ಕಾರ ಆರಂಭಿಸಬೇಕಾಯಿತು. ಆದುದರಿಂದ ಮೊಬೈಲ್ ಸ್ವತಃ ಪಾಪದ ವಸ್ತುವೆನ್ನುವುದು ಸಲ್ಲದು. ಅದು ಯೋಗ್ಯ ವಿಷಯವೂ ಆಗಬಲ್ಲದು. ಇರುವವನು ಎಂಟು ದಿನ ಬಿಟ್ಟುದನ್ನು ತಪಸ್ಸೆಂದು ಇಲ್ಲದವನ ಮುಂದೆ ಮೆರೆಯುವುದು ಮಾನಕಷಾಯವೇ ಹೊರತು ಬೇರೆಯಲ್ಲ. ಹಾಗೆಯೇ, ಮೊಬೈಲಿನಲ್ಲಿ ಬರುವ ಹೀನ ದೃಶ್ಯ, ದ್ವೇಷದ ಮಾತು, ಜೂಜಿನ ಆಟಗಳನ್ನು ಬಿಡುವುದು ವ್ರತದ ಲೆಕ್ಕಕ್ಕೆ ಬಾರದು. ಅದು ದುಃಶ್ರುತಿಯೆಂಬ ಅನರ್ಥದಂಡಕ್ಕೆ ಸೇರುವಂತಹುದು. ಅದನ್ನು ರಜೆಯಲ್ಲಿ ಮಾತ್ರವಲ್ಲ, ಎಂದೆಂದೂ ಬಿಡಬೇಕಾದುದೇ. ವ್ರತದ ಪ್ರಶ್ನೆ ಏಳುವುದು ತಪ್ಪಲ್ಲದ ಬಳಕೆಗೂ ಒಂದು ಮಿತಿಯನ್ನು ಹಾಕಿಕೊಳ್ಳುವಲ್ಲಿ.

ಎರಡನೆಯ ಕಾರಣ ದೇಶಾವಕಾಶಿಕ ವ್ರತಕ್ಕೆ ಸಂಬಂಧಿಸಿದುದು. ಇಷ್ಟು ಕಾಲದವರೆಗೆ ಈ ಮನೆಯ, ಈ ಬೀದಿಯ, ಈ ತೋಟದ ಎಲ್ಲೆಯನ್ನು ದಾಟುವುದಿಲ್ಲವೆಂದು ಗಡಿ ಹಾಕಿಕೊಳ್ಳುವುದು ಆ ವ್ರತ. ತೋಟದ ಮನೆಯ ವಾಸವು ಹೊರನೋಟಕ್ಕೆ ಅದೇ. ಆದರೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಆ ವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದೆ. ಎಲ್ಲೆಯಾಚೆಯಿಂದ ವಸ್ತುವನ್ನು ತರಿಸುವುದು ಆನಯನ. ಆಚೆಗೆ ಇನ್ನೊಬ್ಬನನ್ನು ಅಟ್ಟಿ ಕೆಲಸ ಮಾಡಿಸುವುದು ಪ್ರೇಷ್ಯಪ್ರಯೋಗ. ಕೂಗಿ ಕೆಮ್ಮಿ ದನಿಯನ್ನು ಆಚೆಗೆ ಮುಟ್ಟಿಸುವುದು ಶಬ್ದಾನುಪಾತ. ತನ್ನ ರೂಪವನ್ನು ಆಚೆಯವರಿಗೆ ತೋರಿಸುವುದು ರೂಪಾನುಪಾತ. ಕಲ್ಲು ಹೆಂಟೆಗಳನ್ನೆಸೆದು ಸನ್ನೆ ಮಾಡುವುದು ಪುದ್ಗಲಕ್ಷೇಪ. ಕಾಲು ಎಲ್ಲೆಯೊಳಗಿದ್ದು ಮನಸ್ಸು ಹೊರಗೆ ಸಂಚರಿಸುವ ಉಪಾಯಗಳೆಲ್ಲ ಪ್ರಾಚೀನರಿಗೆ ತಿಳಿದಿದ್ದವು. ಬಂಡೆಯ ಮೇಲೆ ಕುಳಿತವನ ಮೊಬೈಲು ಈ ಐದನ್ನೂ ಒಂದೇ ಬೆರಳಿನಿಂದ ಮಾಡಿಸುತ್ತದೆ: ಬೇಕಾದುದನ್ನು ತರಿಸುತ್ತದೆ, ಆಜ್ಞೆಯನ್ನು ಕಳುಹಿಸುತ್ತದೆ, ದನಿಯನ್ನು ಮುಟ್ಟಿಸುತ್ತದೆ, ರೂಪವನ್ನು ತೋರಿಸುತ್ತದೆ, ಸಂದೇಶವನ್ನು ಹೆಂಟೆಯಂತೆ ಎಸೆಯುತ್ತದೆ. ಊರು ಬಿಟ್ಟು ತೋಟಕ್ಕೆ ಬಂದ ಮಾತ್ರಕ್ಕೆ ದೇಶಸಂಯಮವಾಗಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ. ಇದರಲ್ಲಿ ಮಗ, ತಂದೆ, ಅಜ್ಜ ಮೂವರೂ ಸಮಾನರು.

ಇಲ್ಲಿ ಒಂದು ಆಕ್ಷೇಪ ಸಹಜವಾಗಿಯೇ ಬರುತ್ತದೆ. ಜೈನರ ಮನೆಯ ಮಗು ರಾತ್ರಿಭೋಜನವನ್ನು ಬಿಡುವುದು, ಸೋಸಿದ ನೀರನ್ನೇ ಕುಡಿಯುವುದು, ಕಂದಮೂಲಗಳನ್ನು ಮುಟ್ಟದಿರುವುದು, ಇವೆಲ್ಲ ಮಗುವನ್ನು ಕೇಳಿ ಆರಂಭವಾದುವೇ? ಮೊದಲು ಸಂಸ್ಕಾರ, ಅನಂತರ ಸಂಕಲ್ಪ, ಇದೇ ಪರಂಪರೆಯಲ್ಲವೇ? ನಿರ್ಬಂಧದಿಂದ ಹಿತವಾಗುವುದಿಲ್ಲವೆಂದೂ ಹೇಳಲಾಗದು. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಆರನೆಯ ತರಗತಿಯ 51 ಮಕ್ಕಳು ಐದು ದಿನ ಮೊಬೈಲು, ಟಿ.ವಿ.ಗಳಿಲ್ಲದ ನಿಸರ್ಗಶಿಬಿರದಲ್ಲಿದ್ದುದನ್ನು ಪರಿಶೀಲಿಸಿದರು. ಎಂದಿನಂತೆಯೇ ಇದ್ದ ಬೇರೆ 54 ಮಕ್ಕಳಿಗಿಂತ ಇವರು ಎದುರಿನವರ ಮುಖಭಾವವನ್ನು ನೋಡಿ ಅವರ ಮನಸ್ಸನ್ನು ಅರಿಯುವುದರಲ್ಲಿ ಹೆಚ್ಚು ಮುಂದುವರಿದುದು ಕಂಡುಬಂತು. ಇನ್ನೊಬ್ಬನ ಮುಖದಲ್ಲಿಯ ನೋವನ್ನು ಗುರುತಿಸುವುದೇ ದಯೆಯ ಮೊದಲ ಮೆಟ್ಟಿಲೆಂದು ತಿಳಿದವರಿಗೆ ಇದು ಸಣ್ಣ ಲಾಭವಲ್ಲ.

ಆಕ್ಷೇಪದಲ್ಲಿ ಸತ್ಯವಿದೆ. ಆದರೆ ಅದರಿಂದ ಸಿದ್ಧವಾಗುವುದು ಇಷ್ಟೇ: ರಕ್ಷಣೆ ಬೇರೆ, ವ್ರತ ಬೇರೆ, ಎರಡೂ ಬೇಕು, ಒಂದನ್ನು ಇನ್ನೊಂದರ ಹೆಸರಿನಿಂದ ಕರೆಯಬಾರದು. ಹಸುಳೆಯ ವಿಷಯದಲ್ಲಿ ಹಿರಿಯರದೇ ಹೊಣೆ. ಒಂದು ವರ್ಷದೊಳಗಿನ ಮಗುವಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ. ಇದು ಬೇಲಿ. ಹದಿನಾರು ವರ್ಷದೊಳಗಿನವರಿಗೆ ಸಾಮಾಜಿಕ ಜಾಲತಾಣಗಳಲ್ಲಿ ಖಾತೆಯಿರಕೂಡದೆಂದು ಆಸ್ಟ್ರೇಲಿಯಾ 2024ರಲ್ಲಿ ಮಾಡಿ, 2025ರ ಡಿಸೆಂಬರಿನಿಂದ ಜಾರಿಗೆ ತಂದ ಕಾನೂನು ಕೂಡ ಬೇಲಿಯೇ. ಬೇಲಿ ಸಸಿಯನ್ನು ಕಾಯುತ್ತದೆ, ಬೇಲಿಯೇ ಬೆಳೆಯಲ್ಲ. ಎಂಟು ವರ್ಷ ತುಂಬಿದವನಿಗೆ ವ್ರತವನ್ನು ಸ್ವೀಕರಿಸುವ ಯೋಗ್ಯತೆಯನ್ನು ಆಗಮಪರಂಪರೆ ಒಪ್ಪಿದೆ. ಅಂದ ಮೇಲೆ ಆ ವಯಸ್ಸಿನ ಮಗುವನ್ನು ಕೇಳದೆ, ಒಪ್ಪಿಸದೆ, ಕೈಯಿಂದ ಕಸಿದುಕೊಳ್ಳುವುದು ಮಗುವಿನಲ್ಲಿರುವ ಆ ಯೋಗ್ಯತೆಯನ್ನೇ ಅಲ್ಲಗಳೆದಂತೆ.

ಈ ವಿಷಯದಲ್ಲಿ ವಡ್ಡಾರಾಧನೆಯ ಸುಕುಮಾರಸ್ವಾಮಿಯ ಕಥೆ ಮನನೀಯವಾದುದು. ಮಗನು ಋಷಿಯನ್ನು ಕಂಡೊಡನೆ ತಪಸ್ಸಿಗೆ ಹೋಗುವನೆಂದು ತಿಳಿದ ತಾಯಿ ಅವನನ್ನು ಪ್ರಾಸಾದದೊಳಗೆ ಭೋಗಗಳ ನಡುವೆ ಬೆಳೆಸಿದಳು; ಋಷಿಗಳಿಗೆ ಮನೆಯ ಪ್ರವೇಶವನ್ನೇ ತಡೆದಳು. ರತ್ನಗಳ ಬೆಳಕಿನಲ್ಲಿಯೇ ಬೆಳೆದವನ ಕಣ್ಣು ಆರತಿಯ ದೀಪಕ್ಕೆ ನೀರೂರುವಷ್ಟು ಸುಕುಮಾರವಾಗಿತ್ತು. ಆದರೂ ಕಾಲ ಬಂದಾಗ ಮುನಿಯ ಪಾಠದ ದನಿ ಕಿವಿಗೆ ಬಿದ್ದು ಆತನು ಎಲ್ಲವನ್ನೂ ತೊರೆದು ನಡೆದ. ಗೋಡೆಯು ವೈರಾಗ್ಯವನ್ನು ತಡೆಯಲಾರದಾಯಿತು. ಅದೇ ನ್ಯಾಯದಿಂದ ಗೋಡೆಯು ವೈರಾಗ್ಯವನ್ನು ಹುಟ್ಟಿಸಲೂ ಆರದು. ಇಂದಿನ ತಂದೆತಾಯಿಗಳು ಮೊದಲು ಮಗುವನ್ನು ಪರದೆಯ ರತ್ನಪ್ರಭೆಯಲ್ಲಿ ಬೆಳೆಸಿ, ಅನಂತರ ಒಂದು ವಾರ ಗುಡ್ಡದ ಗೋಡೆಯನ್ನು ಕಟ್ಟಿ ಫಲವನ್ನು ಬಯಸುತ್ತಾರೆ.

ಹಾಗಾದರೆ ಮಾರ್ಗವೇನು? ಮೇಲಿನ ಚಿತ್ರದ ಅಜ್ಜ ಮರುವರ್ಷ ಮಾಡಿದುದನ್ನು ನೋಡಬಹುದು. ತೋಟಕ್ಕೆ ಹೊರಡುವ ಮುನ್ನ ಆತ ತನ್ನ ಮೊಬೈಲನ್ನೇ ಮೊದಲು ಕಪಾಟಿನಲ್ಲಿಟ್ಟ. ಮಗನೂ ಕಚೇರಿಗೆ ತಿಳಿಸಿ ಬಂದು ತನ್ನದನ್ನಿಟ್ಟ. ಔಷಧ, ಆಸ್ಪತ್ರೆಯ ತುರ್ತಿಗೆಂದು ಒಂದು ಮೊಬೈಲು ಅಜ್ಜಿಯ ಬಳಿ ಇರಲೆಂದು ಎಲ್ಲರ ಎದುರಿಗೆ ಮೊದಲೇ ನಿಶ್ಚಯವಾಯಿತು. ಮೊದಲೇ ಹೇಳಿ ಇಟ್ಟುಕೊಂಡ ವಿನಾಯಿತಿ ವ್ರತಭಂಗವಲ್ಲ. ಆಮೇಲೆ ಹುಡುಕಿಕೊಂಡ ನೆಪವೇ ಭಂಗ. ಅನಂತರ ಆತ ಮೊಮ್ಮಗನನ್ನು ಕೇಳಿದ: “ಎಷ್ಟೊತ್ತು ಬಿಡಬಲ್ಲೆ, ನೀನೇ ಹೇಳಪ್ಪಾ.” ಹುಡುಗ ಯೋಚಿಸಿ, ಸಾಮಾಯಿಕದಷ್ಟು ಹೊತ್ತು ಎಂದ. ಎಂದರೆ ಒಂದು ಮುಹೂರ್ತ, 48 ನಿಮಿಷ. ಹಿರಿಯರು ನಗಲಿಲ್ಲ, ಹೆಚ್ಚಿಸೆಂದು ಒತ್ತಾಯಿಸಲಿಲ್ಲ. ಅವನ ಮೊಬೈಲು ಅವನ ಚೀಲದಲ್ಲಿಯೇ ತೋಟಕ್ಕೆ ಬಂತು. ಬಂಡೆಯೂ ಅಲ್ಲಿಯೇ ಇತ್ತು.

ಯಮ ಮತ್ತು ನಿಯಮವೆಂಬ ಭೇದವನ್ನು ಆಚಾರ್ಯರು ಮಾಡಿರುವುದು ಇದಕ್ಕಾಗಿಯೇ. ಜೀವಮಾನದ ತ್ಯಾಗ ಯಮ, ಕಾಲಮಿತಿಯುಳ್ಳದ್ದು ನಿಯಮ. ಒಂದು ಹಗಲು, ಒಂದು ಇರುಳು, ಒಂದು ಪಕ್ಷ, ಒಂದು ಮಾಸ, ಒಂದು ಋತು, ಒಂದು ಅಯನ ಎಂದು ಭೋಗೋಪಭೋಗ ಪರಿಮಾಣಕ್ಕೆ ಸಮಂತಭದ್ರರು ಮೆಟ್ಟಿಲುಗಳನ್ನೇ ಕಟ್ಟಿಕೊಟ್ಟಿದ್ದಾರೆ. ಕಿರಿದಾದರೂ ತಾನೇ ನುಡಿದ ಮಿತಿಯನ್ನು ಪಾಲಿಸಿದ ಮಗುವಿಗೆ ತನ್ನ ಮಾತಿನ ಮೇಲೆ ತನಗೇ ನಂಬಿಕೆ ಹುಟ್ಟುತ್ತದೆ. ಆ ನಂಬಿಕೆ ಸಂಯಮದ ಬೀಜ. ಮೂರನೆಯ ದಿನ ಹುಡುಗ ತಾನಾಗಿಯೇ ಸಂಜೆಯ ಊಟದಿಂದ ಮರುದಿನದ ಸೂರ್ಯೋದಯದವರೆಗೆ ಎಂದು ಮಿತಿಯನ್ನು ಹೆಚ್ಚಿಸಿಕೊಂಡ. ತಂಗಿ ಒಂದು ದಿನ ತಪ್ಪಿದಳು. ಅಣ್ಣನ ಮೊಬೈಲನ್ನು ಹಿಡಿದು ಬಂಡೆಯೇರಿದಳು. ರಾತ್ರಿ ತಾನೇ ಅಜ್ಜಿಯ ಬಳಿ ಬಂದು ಹೇಳಿದಳು. ಶಿಕ್ಷೆಯಾಗಲಿಲ್ಲ. ತಪ್ಪನ್ನು ಒಪ್ಪಿ, ಮತ್ತೆ ಮಿತಿಯೊಳಗೆ ಹಿಂದಿರುಗುವುದು ಪ್ರತಿಕ್ರಮಣವೆಂಬುದನ್ನು ಆ ಮಗು ಶಬ್ದದಿಂದಲ್ಲ, ಅನುಭವದಿಂದ ಕಲಿಯಿತು. ಹಿಂದಿನ ವರ್ಷದ ಅಡಗಿಸುವಿಕೆಗೂ ಈ ವರ್ಷದ ಒಪ್ಪಿಕೊಳ್ಳುವಿಕೆಗೂ ಇರುವ ಅಂತರವೇ ನಿರ್ಬಂಧಕ್ಕೂ ವ್ರತಕ್ಕೂ ಇರುವ ಅಂತರ.

ಬಿಟ್ಟುದರಿಂದ ತೆರವಾದ ಹೊತ್ತನ್ನು ಏನಿಂದ ತುಂಬಬೇಕೆಂಬುದೂ ಮುಖ್ಯ. ಪ್ರೋಷಧದ ದಿನ ಶ್ರಾವಕನು ಆಹಾರವನ್ನು ಬಿಟ್ಟು ಮಲಗುವುದಲ್ಲ. ಧರ್ಮಶ್ರವಣ, ಜ್ಞಾನ, ಧ್ಯಾನಗಳಲ್ಲಿ ತೊಡಗಬೇಕೆಂದು ವಿಧಿಯಿದೆ. ಮಗುವಿಗೆ ಧ್ಯಾನವನ್ನು ಹೇರಲಾಗದು. ಸುಮ್ಮನೆ ಬಿಟ್ಟರೂ ಕೆಲಸವಿಲ್ಲದ ಕೈ ಗಿಡವನ್ನು ಮುರಿಯುತ್ತದೆ, ಓತಿಕ್ಯಾತಕ್ಕೆ ಕಲ್ಲನ್ನೆಸೆಯುತ್ತದೆ, ಅದು ಪ್ರಮಾದಚರ್ಯೆ. ತೋಟದ ಮನೆಯಲ್ಲಿ ಮಾಡಲು ಬೇಕಾದಷ್ಟಿದೆ. ಬಾವಿಯ ನೀರನ್ನು ಅರಿವೆಯಲ್ಲಿ ಸೋಸಿ, ಅರಿವೆಯಲ್ಲಿ ಉಳಿದ ಜೀವರಾಶಿಯನ್ನು ಮತ್ತೆ ಅದೇ ಬಾವಿಗೆ ನಿಧಾನವಾಗಿ ಬಿಡುವುದನ್ನು ಎಂಟರ ಮಗು ಮಾಡಬಲ್ಲದು. ಕಣ್ಣಿಗೆ ಕಾಣದ ಜೀವಕ್ಕೂ ಒಂದು ಮನೆಯಿದೆಯೆಂಬುದು ಆಗ ಅದಕ್ಕೆ ತಿಳಿಯುತ್ತದೆ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಯುವ ಜೈನರ ಮನೆಯಲ್ಲಿ ಸಂಜೆ ಬಹಳ ಉದ್ದ. ಆ ಉದ್ದದ ಸಂಜೆಯಲ್ಲಿ ಕಥೆಗಳಿಗೆ ಎಡೆಯಿದೆ. ಆಳಿನ ಮಗ ಹುಣಸೆಯ ಬೀಜವನ್ನು ಕಲ್ಲಿಗೆ ಉಜ್ಜಿ ಚೌಕಾಬಾರ ಕಲಿಸಿದ. ಬೆಂಗಳೂರಿನ ಮಕ್ಕಳು ಅವನಿಂದ ಸೋಲುವುದನ್ನು ಕಲಿತರು. ಒಂದು ಮುಂಜಾನೆ ಎಲ್ಲರೂ ಕೂಡಿ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಗೆ ಹೋದರು. ನೀರಾವರಿಗೆಂದು ಹಿಂದಿನವರು ಕಟ್ಟಿದ, 98.76 ಹೆಕ್ಟೇರ್ ಹರವಿನ ಆ ಕೆರೆ ಪಕ್ಷಿಗಳ ಆಶ್ರಯವಾಗಿ ಬೆಳೆದು, 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಬಣ್ಣದ ಕೊಕ್ಕರೆಗಳು, ಕರಿತಲೆಯ ಕೆಂಬರಲುಗಳು ಗೂಡು ಕಟ್ಟುವ ಆ ನೀರಿನ ಬದಿಯಲ್ಲಿ ಮಾತಿಲ್ಲದೆ, ಚಿತ್ರವನ್ನೂ ತೆಗೆಯದೆ ಒಂದು ಗಂಟೆ ಕುಳಿತ ಮಗುವಿಗೆ ಅಭಯದಾನದ ಅರ್ಥವನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಇದು ಒಂದು ಮನೆಯ ಮಾತಾಯಿತು. ಇಡೀ ಊರು ಸೇರಿದರೆ ಇನ್ನೂ ಸುಲಭ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರಲ್ಲಿ ಸಂಜೆ 7 ಗಂಟೆಗೆ ಸೈರನ್ ಕೂಗಿದೊಡನೆ ಒಂದೂವರೆ ಗಂಟೆಯ ಕಾಲ ಟಿ.ವಿ., ಮೊಬೈಲುಗಳನ್ನು ಬಂದ್ ಮಾಡುವ ಪದ್ಧತಿ ಆರಂಭವಾಯಿತು. ಬೆಳಗಾವಿಯ ಸಮೀಪದ ಹಲಗಾ ಗ್ರಾಮ ಇದೇ ದಾರಿಯನ್ನು ಹಿಡಿದು 7ರಿಂದ 9ರವರೆಗಿನ ಸಮಯವನ್ನು ಮಕ್ಕಳ ಓದಿಗೂ ಮನೆಯವರ ಮಾತುಕತೆಗೂ ಮೀಸಲಿಟ್ಟಿತು. ಈ ಏರ್ಪಾಡಿನ ಹಿರಿಮೆ ಸೈರನ್ನಿನಲ್ಲಿಲ್ಲ. ಅದು ತಂದೆಗೂ ಮಗನಿಗೂ ಒಂದೇ ದನಿಯಲ್ಲಿ ಕೂಗುತ್ತದೆಂಬುದರಲ್ಲಿದೆ. ತಾನು ಮಾಡುವುದು, ಇತರರಿಂದ ಮಾಡಿಸುವುದು, ಮಾಡುವವರನ್ನು ಅನುಮೋದಿಸುವುದು ಎಂಬ ಮೂರು ಮುಖಗಳನ್ನು ಜೈನಾಚಾರ ಪ್ರತಿಯೊಂದು ಕ್ರಿಯೆಯಲ್ಲಿಯೂ ಕಾಣುತ್ತದೆ. ತ್ಯಾಗದಲ್ಲಿಯೂ ಈ ಕ್ರಮ ತಪ್ಪಬಾರದು. ತಾನು ಮಾಡದೆ ಮಗುವಿನಿಂದ ಮಾತ್ರ ಮಾಡಿಸಿದ ತ್ಯಾಗಕ್ಕೆ ಬೇರಿಲ್ಲ.

ಎಂಟು ದಿನ ಕಳೆದು ಬೆಂಗಳೂರಿಗೆ ಹಿಂದಿರುಗಿದಾಗ ಬಂಡೆಯೂ ಇರುವುದಿಲ್ಲ, ಗುಡ್ಡವೂ ಇರುವುದಿಲ್ಲ. ಎಲ್ಲ ಕಡೆಯೂ ಸಿಗ್ನಲ್ ಇರುತ್ತದೆ. ನಿಜವಾದ ಪರೀಕ್ಷೆ ಅಲ್ಲಿಯೇ. ಹೊರಗಿನ ಅಡ್ಡಿಯಿಂದ ಬಂದ ಸಂಯಮ ಅಡ್ಡಿಯೊಡನೆಯೇ ಉಳಿದುಬಿಡುತ್ತದೆ. ಸಂಕಲ್ಪದಿಂದ ಬಂದದ್ದು ಮಾತ್ರ ಜೊತೆಗೆ ಬರುತ್ತದೆ. ಬರುವ ರಜೆಯಲ್ಲಾಗಲಿ, ಪರ್ಯುಷಣದಲ್ಲಾಗಲಿ ಮಕ್ಕಳಿಂದ ಮೊಬೈಲನ್ನು ಬಿಡಿಸಬೇಕೆಂದಿರುವ ಶ್ರಾವಕ ಶ್ರಾವಿಕೆಯರು ಮೊದಲು ತಮ್ಮದನ್ನು ಕಪಾಟಿನಲ್ಲಿಡಲಿ. ಅನಂತರ ಮಗುವಿನ ಪಕ್ಕದಲ್ಲಿ ಕುಳಿತು, ಎಷ್ಟು ಹೊತ್ತು ಬಿಡಬಲ್ಲೆಯೆಂದು ಕೇಳಲಿ. ಮಗು ಹೇಳಿದ ಕಾಲ ಎಷ್ಟೇ ಕಿರಿದಾಗಿರಲಿ, ಅದನ್ನು ಗೌರವದಿಂದ ಒಪ್ಪಿಕೊಳ್ಳಲಿ. ಮಗು ತಾನೇ ನುಡಿದು ನಡೆಸಿದ 48 ನಿಮಿಷಗಳು ವ್ರತದ ಲೆಕ್ಕಕ್ಕೆ ಸೇರುತ್ತವೆ. ಕಸಿದುಕೊಂಡ ಎಂಟು ದಿನಗಳು ಸೇರುವುದಿಲ್ಲ.